ಹೀಟರ್ ಹಾಕಿದರೆ ತಣ್ಣನೆಯ ಗಾಳಿ, ಹೊರಗೆ ಮೈನಸ್ 24: ಎಲ್ಲಿಂದ ಶುರು ಮಾಡಲಿ?

ಮೈಸೂರು_ಮಿನಿಯಾಪೊಲಿಸ್ · ಜನವರಿ 11, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಸೆಡಾನ್. 2,10,000 ಕಿಲೋಮೀಟರ್ ಓಡಿದೆ, ನಾನು ಅದರ ಮೂರನೆಯ ಯಜಮಾನ. ನವೆಂಬರಿನಲ್ಲಿ ಹೀಟರ್ ಚೆನ್ನಾಗಿಯೇ ಇತ್ತು. ಹೊಸ ವರ್ಷದ ಮರುದಿನದಿಂದ ಕಾಟ ಶುರುವಾಗಿದೆ. ಹೆದ್ದಾರಿಯಲ್ಲಿ ಓಡುವಾಗ ಉಗುರು ಬೆಚ್ಚಗಿನ ಗಾಳಿ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಒಂದೇ ನಿಮಿಷದಲ್ಲಿ ಫ್ರಿಜ್ ಬಾಗಿಲು ತೆರೆದಂತೆ ತಣ್ಣಗಾಗುತ್ತದೆ. ಫ್ಯಾನ್ ಎಲ್ಲ ವೇಗದಲ್ಲೂ ತಿರುಗುತ್ತದೆ. ಟೆಂಪರೇಚರ್ ಮುಳ್ಳು ಎಂದಿನಂತೆ ಮಧ್ಯದಲ್ಲಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಯಾರೋ ಹೂಜಿಯಿಂದ ನೀರು ಬಗ್ಗಿಸಿದಂತೆ ಗುಳುಗುಳು ಸದ್ದು ಕೇಳಿಸುತ್ತದೆ.

ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಹತ್ತು ನಿಮಿಷ ನೋಡಿ, 'ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, 1,400 ಡಾಲರ್' ಎಂದರು. ಕಾರಿನ ಬೆಲೆಯೇ ಈಗ ಅದರ ಎರಡರಷ್ಟು ಇದ್ದರೆ ಹೆಚ್ಚು. ಇವತ್ತು ಮಗಳನ್ನು ಡೇಕೇರಿನಿಂದ ಕರೆತರುವಾಗ ಅವಳ ಮೇಲೆ ಎರಡು ಕಂಬಳಿ ಹೊದಿಸಿದ್ದೆ. ನನಗೆ ಪಾನಾ ಹಿಡಿಯಲು ಬರುತ್ತದೆ, ಅದಕ್ಕಿಂತ ಹೆಚ್ಚೇನೂ ಬರುವುದಿಲ್ಲ. ದಾರಿ ತೋರಿಸಿ.

ಅವಸರದ_ಅಡುಗೆ · ಜನವರಿ 11, ರಾತ್ರಿ 9.25

ಥರ್ಮೋಸ್ಟಾಟ್ ಹೋಗಿದೆ. ಮೂವತ್ತು ಡಾಲರ್ ಸಾಮಾನು. ಹಾಕಿ, ಮುಗಿಯಿತು.

ತೀರ್ಥಹಳ್ಳಿ_ಟೊರೊಂಟೊ · ಜನವರಿ 11, ರಾತ್ರಿ 10.02

ಇಷ್ಟು ಬೇಗ ತೀರ್ಪು ಕೊಡಬೇಡಿ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಕವಾಟ. ಅದು ತೆರೆದೇ ಉಳಿದಿದ್ದರೆ ಲಕ್ಷಣ ತಿರುಗುಮುರುಗಾಗಿರುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿಗೆ ರೇಡಿಯೇಟರ್ ತಣ್ಣಗಾಗಿ ಮುಳ್ಳು ಕೆಳಗಿಳಿಯುತ್ತದೆ, ಹೀಟರ್ ಸೋಲುತ್ತದೆ. ನಿಂತಾಗಲೇ ತುಸು ಸುಧಾರಿಸುತ್ತದೆ. ಕಾರಿನ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಪಿ0128 ಎಂಬ ದೋಷದ ಕೋಡ್ ಕೂಡ ಬರುತ್ತದೆ. ಇವರ ಕಾರಿನಲ್ಲಿ ಓಡುವಾಗ ಬಿಸಿ, ನಿಂತಾಗ ತಂಪು. ಅಂದರೆ ಎಂಜಿನ್ ಶಾಖ ಹುಟ್ಟಿಸುತ್ತಿದೆ, ಆದರೆ ಅದು ಒಳಗಿನವರೆಗೆ ತಲುಪುತ್ತಿಲ್ಲ.

ಹೊಸಬರಿಗೆ ಒಂದು ಮಾತು. ಕಾರಿನ ಹೀಟರ್ ನಮ್ಮ ಮನೆಯ ಗೀಸರಿನ ಹಾಗೆ ತಾನೇ ಬಿಸಿ ಹುಟ್ಟಿಸುವುದಿಲ್ಲ. ಎಂಜಿನ್ ಹೇಗೂ ಹೊರಹಾಕಬೇಕಾದ ಶಾಖವನ್ನು ಕೂಲೆಂಟ್ ಎಂಬ ದ್ರವ ಹೊತ್ತು ತರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಪುಸ್ತಕದ ಗಾತ್ರದ ಒಂದು ಪುಟ್ಟ ರೇಡಿಯೇಟರ್ ಇದೆ, ಅದೇ ಹೀಟರ್ ಕೋರ್. ಫ್ಯಾನ್ ಅದರ ಮೂಲಕ ಗಾಳಿ ಊದುತ್ತದೆ. ಆಮೇಲೆ ಒಂದು ಪ್ಲಾಸ್ಟಿಕ್ ಬಾಗಿಲು ಬಿಸಿಗಾಳಿ ಎಷ್ಟು, ತಣ್ಣನೆಯದು ಎಷ್ಟು ಎಂದು ಬೆರೆಸುತ್ತದೆ. ನಿಮ್ಮ ಬಿಸಿ ಈ ದಾರಿಯಲ್ಲಿ ಎಲ್ಲಿ ನಿಂತುಹೋಗಿದೆ ಎಂಬುದಷ್ಟೇ ಪ್ರಶ್ನೆ.

ಗ್ಯಾರೇಜ್_ಕಾಕಾ · ಜನವರಿ 12, ಬೆಳಗ್ಗೆ 10.40 (ಹುಬ್ಬಳ್ಳಿ ಸಮಯ)

ತೀರ್ಥಹಳ್ಳಿ ಮೇಡಂ ಸರಿಯಾಗಿ ಹೇಳಿದ್ದಾರೆ. ನಾನು ಸೇನೆಯ ಇಎಂಇಯಲ್ಲಿ, ಅಂದರೆ ಗಾಡಿ, ಯಂತ್ರಗಳ ರಿಪೇರಿ ವಿಭಾಗದಲ್ಲಿ, ಹದಿನೈದು ವರ್ಷ ಇದ್ದೆ. ಎರಡು ಚಳಿಗಾಲ ಲೇಹ್‌ನಲ್ಲಿ ಗಾಡಿಗಳ ಮೂತಿಗೆ ಕ್ಯಾನ್‌ವಾಸ್ ಕಟ್ಟುತ್ತಾ ಕಳೆದೆ. ಆಮೇಲೆ ಹುಬ್ಬಳ್ಳಿಗೆ ಬಂದು ಸ್ವಂತ ಗ್ಯಾರೇಜು ಇಟ್ಟೆ. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಇಲ್ಲಿ ಕುಳಿತು ತಲೆ ತಿನ್ನುತ್ತೇನೆ.

ಬಾನೆಟ್ ತೆರೆಯಿರಿ. ಎಂಜಿನ್ ಮತ್ತು ಪ್ರಯಾಣಿಕರ ಕೋಣೆಯ ನಡುವಿನ ಗೋಡೆಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಎರಡು ರಬ್ಬರ್ ಹೋಸ್‌ಗಳು ಹೋಗುತ್ತವೆ. ಒಂದು ಹೀಟರಿಗೆ ಬಿಸಿ ಕೂಲೆಂಟ್ ಒಯ್ಯುವುದು (ನಾನು ನೀರು ಎನ್ನುವುದು ಅದನ್ನೇ), ಇನ್ನೊಂದು ವಾಪಸ್ ತರುವುದು. ಗಾಡಿಯನ್ನು ಇಪ್ಪತ್ತು ನಿಮಿಷ ಓಡಿಸಿ ಬನ್ನಿ, ಹೀಟರ್ ಪೂರ್ತಿ ಬಿಸಿಗೆ ಇಡಿ, ಕೈಗವಸು ಹಾಕಿಕೊಂಡು ಎರಡನ್ನೂ ಮುಟ್ಟಿ ನೋಡಿ. ಬೆಲ್ಟು, ಫ್ಯಾನಿನ ಹತ್ತಿರ ಕೈ ಮತ್ತು ಕೊರಳಿನ ಮಫ್ಲರ್ ಹೋಗದಂತೆ ಎಚ್ಚರ.

ಎರಡೂ ಸುಡುತ್ತಿದ್ದರೆ ನೀರಿನ ತಪ್ಪಿಲ್ಲ, ಆ ಪ್ಲಾಸ್ಟಿಕ್ ಬಾಗಿಲು ಕೆಟ್ಟಿದೆ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ನೀರು ಓಡುತ್ತಿಲ್ಲ. ಎರಡೂ ತಣ್ಣಗಿದ್ದರೆ ನೀರು ಅಲ್ಲಿಯವರೆಗೆ ಬಂದೇ ಇಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇದನ್ನು ನೋಡದೆ 1,400 ಡಾಲರ್ ಹೇಳಿದವರಿಗೆ ನನ್ನ ದೂರದ ನಮಸ್ಕಾರ ತಿಳಿಸಿ.

ಅಂದ ಹಾಗೆ ಆ ಗುಳುಗುಳು ಸದ್ದು ನನಗೆ ಬಹಳ ಹಿಡಿಸಿತು.

ಓಸ್ಲೋ_ಭಟ್ಟ · ಜನವರಿ 12, ಮಧ್ಯಾಹ್ನ 1.15

ವಿದ್ಯುತ್ ಕಾರು ತೆಗೆದುಕೊಳ್ಳಿ. ಕೂಲೆಂಟ್ ಬಿಸಿಯಾಗಲಿ ಎಂದು ಕಾಯುವ ಗೋಜಿಲ್ಲ, ಎರಡು ನಿಮಿಷಕ್ಕೆ ಬಿಸಿಗಾಳಿ. ಹೊರಡುವ ಮೊದಲೇ ಮೊಬೈಲ್‌ನಿಂದ ಬೆಚ್ಚಗೆ ಮಾಡಿಡಬಹುದು.

ಅವಸರದ_ಅಡುಗೆ · ಜನವರಿ 12, ಮಧ್ಯಾಹ್ನ 1.31

ಆಮೇಲೆ ಆ ಬಿಸಿ ಬ್ಯಾಟರಿಯಿಂದಲೇ ಬಂದಿದೆ ಎಂದು ಅರ್ಧ ದಾರಿಯಲ್ಲಿ ಗೊತ್ತಾಗುತ್ತದೆ, ಅಲ್ಲವೇ ಭಟ್ಟರೇ?

ಓಸ್ಲೋ_ಭಟ್ಟ · ಜನವರಿ 12, ಮಧ್ಯಾಹ್ನ 1.40

ಚಳಿಗಾಲದಲ್ಲಿ ಒಂದು ಚಾರ್ಜಿನ ಓಟ ಕಡಿಮೆಯಾಗುವುದು ನಿಜ, ಅಲ್ಲಗಳೆಯುವುದಿಲ್ಲ. ಹೊರಗಿನ ಗಾಳಿಯ ಶಾಖವನ್ನೇ ಒಳಗೆ ಎಳೆಯುವ ಹೀಟ್ ಪಂಪ್ ಇರುವ ಕಾರುಗಳಲ್ಲಿ ತುಸು ಮೇಲು. ಸರಿ, ನಾನು ಬಾಯಿ ಮುಚ್ಚಿಕೊಂಡು ಓದುತ್ತೇನೆ.

ಮೈಸೂರು_ಮಿನಿಯಾಪೊಲಿಸ್ · ಜನವರಿ 12, ರಾತ್ರಿ 8.55

ಕಾಕಾ, ಮುಟ್ಟಿ ನೋಡಿದೆ. ಒಂದು ಹೋಸ್ ಹಿಡಿಯಲಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ಯಾರೋ ಆಕ್ಸಿಲರೇಟರ್ ಒತ್ತಿ ಹಿಡಿದರೆ ಎರಡನೆಯದೂ ನಿಧಾನವಾಗಿ ಬೆಚ್ಚಗಾಗುತ್ತದೆ. 'ಯಾರೋ' ಎಂದರೆ ನನ್ನ ಹೆಂಡತಿ. ಕಾರಿನಲ್ಲಿ ಕುಳಿತು ಇಪ್ಪತ್ತು ನಿಮಿಷ ಬೈದಿದ್ದಾಳೆ.

ಕೂಲೆಂಟ್ ನೋಡಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಸರಿಯಾಗಿಯೇ ಇದೆ. ಹಾಗಾದರೆ ಕೋರ್ ಕಟ್ಟಿಕೊಂಡಿದೆ ಎಂದೇ ಅರ್ಥವೇ?

ಗ್ಯಾರೇಜ್_ಕಾಕಾ · ಜನವರಿ 13, ಬೆಳಗ್ಗೆ 9.50

ಡಬ್ಬಿಯನ್ನು ನಂಬಬೇಡಿ. ಅದು ಹೊರಗಿನ ಜಗುಲಿ, ಒಳಮನೆಯಲ್ಲ. ಎಂಜಿನ್ ಬಿಸಿಯಾದಾಗ ಉಕ್ಕಿದ ಕೂಲೆಂಟ್ ಅಲ್ಲಿಗೆ ಹೋಗುತ್ತದೆ. ತಣಿದಾಗ ರೇಡಿಯೇಟರ್ ಅದನ್ನು ವಾಪಸ್ ಹೀರಿಕೊಳ್ಳಬೇಕು. ಎಲ್ಲೋ ಗಾಳಿ ಒಳಗೆ ಹೋಗುತ್ತಿದ್ದರೆ ರೇಡಿಯೇಟರ್ ಡಬ್ಬಿಯ ನೀರಿನ ಬದಲು ಆ ಗಾಳಿಯನ್ನೇ ಹೀರಿಕೊಂಡು ಕೂರುತ್ತದೆ. ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ.

ನಿಮ್ಮ ಗಾಡಿಯ ರೇಡಿಯೇಟರಿನ ಮೇಲೆಯೇ ಮುಚ್ಚಳ ಇದ್ದರೆ ನಾಳೆ ಬೆಳಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಅದನ್ನು ತೆರೆದು ನೋಡಿ. ಮತ್ತೊಮ್ಮೆ ಹೇಳುತ್ತೇನೆ: ಸ್ಟಾರ್ಟ್ ಮಾಡುವ ಮುಂಚೆ. ಬಿಸಿಯಾದ ಎಂಜಿನಿನಲ್ಲಿ ಕೂಲೆಂಟ್ ನೂರು ಡಿಗ್ರಿ ದಾಟಿದರೂ ಕುದಿಯದೇ ಇರುವುದು ಒಳಗಿನ ಒತ್ತಡದಿಂದ. ಮುಚ್ಚಳ ತೆರೆದ ಕ್ಷಣ ಒತ್ತಡ ಹೋಗುತ್ತದೆ, ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ನನ್ನ ಎಡಗೈಯ ಮೇಲೆ ಇದರ ಗುರುತು ಇದೆ. ಮೂವತ್ತು ವರ್ಷವಾದರೂ ಅಲ್ಲಿ ಕೂದಲು ಬೆಳೆದಿಲ್ಲ.

ಮೈಸೂರು_ಮಿನಿಯಾಪೊಲಿಸ್ · ಜನವರಿ 13, ಬೆಳಗ್ಗೆ 7.20 (ಇಲ್ಲಿನ ಸಮಯ)

ತೆರೆದೆ. ಒಳಗೆ ಕತ್ತಲು. ಟಾರ್ಚ್ ಹಾಕಿದರೂ ಕೂಲೆಂಟ್ ಕಾಣುತ್ತಿಲ್ಲ!

ತೀರ್ಥಹಳ್ಳಿ_ಟೊರೊಂಟೊ · ಜನವರಿ 13, ಬೆಳಗ್ಗೆ 8.45

ಅಲ್ಲಿಗೆ ಗುಳುಗುಳು ಸದ್ದಿನ ಗುಟ್ಟು ರಟ್ಟಾಯಿತು. ಬಹಳಷ್ಟು ಕಾರುಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುತ್ತದೆ. ಕೂಲೆಂಟ್ ಕಡಿಮೆಯಾದರೆ ಗಾಳಿ ಹೋಗಿ ಸೇರುವುದು ಅಲ್ಲಿಯೇ. ಎಂಜಿನ್ ವೇಗವಾಗಿ ತಿರುಗುವಾಗ ವಾಟರ್ ಪಂಪ್ ಜೋರಾಗಿ ನೂಕಿ ಸ್ವಲ್ಪ ಕೂಲೆಂಟನ್ನು ಕೋರಿನ ಮೂಲಕ ದಾಟಿಸುತ್ತದೆ. ಸಿಗ್ನಲ್‌ನಲ್ಲಿ ಪಂಪ್ ನಿಧಾನವಾದ ಕೂಡಲೇ ಗಾಳಿ ಗೆಲ್ಲುತ್ತದೆ. ಮುಳ್ಳು ಮಧ್ಯದಲ್ಲೇ ನಿಂತಿದೆ ಎಂದು ಸಮಾಧಾನ ಪಡಬೇಡಿ. ಈಗಿನ ಕಾರುಗಳ ಮುಳ್ಳು ಸಣ್ಣಪುಟ್ಟ ಏರಿಳಿತವನ್ನು ತೋರಿಸುವುದೇ ಇಲ್ಲ. ಕೂಲೆಂಟ್ ತೀರಾ ಇಳಿದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಾ ಸುಳ್ಳು ಹೇಳುತ್ತದೆ.

ತುಂಬಿಸುವ ಮೊದಲು ಒಂದು ಪ್ರಶ್ನೆ. ಈ ಹಿಂದೆ ಯಾವಾಗಲಾದರೂ ಬರಿಯ ನೀರು ಸೇರಿಸಿದ್ದೀರಾ?

ಮೈಸೂರು_ಮಿನಿಯಾಪೊಲಿಸ್ · ಜನವರಿ 13, ಮಧ್ಯಾಹ್ನ 12.30

ಜುಲೈಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಡಬ್ಬಿ ಖಾಲಿ ಕಂಡಿತು, ನಲ್ಲಿ ನೀರು ಹಾಕಿದ್ದೆ. ಮೈಸೂರಿನಲ್ಲಿ ಅಪ್ಪ ಹಾಗೆಯೇ ಮಾಡುತ್ತಿದ್ದರು.

ಗ್ಯಾರೇಜ್_ಕಾಕಾ · ಜನವರಿ 14, ಬೆಳಗ್ಗೆ 8.05

ಅಪ್ಪ ಮಾಡಿದ್ದು ಮೈಸೂರಿಗೆ ನಡೆಯಿತು. ನೀವಿರುವುದು ಮಿನೆಸೋಟದಲ್ಲಿ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳುತ್ತದೆ. ಆ ಶಬ್ದವನ್ನು ನಾನು ಲೇಹ್‌ನಲ್ಲಿ ಕೇಳಿದ್ದೇನೆ, ಮತ್ತೆ ಕೇಳುವ ಆಸೆಯಿಲ್ಲ. ಮೊದಲು ಕೂಲೆಂಟಿನಲ್ಲಿ ನೀರಿಗೆ ಎಷ್ಟು ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆತಿದೆ ಎಂದು ಅಳೆಯಿರಿ. ತೇಲುವ ಗುಂಡುಗಳಿರುವ ಪುಟ್ಟ ಪಿಚಕಾರಿಯಂತಹ ಮಾಪಕ ಯಾವ ಆಟೋ ಅಂಗಡಿಯಲ್ಲಾದರೂ ಸಿಗುತ್ತದೆ. ಅಳೆಯುವವರೆಗೆ ಗಾಡಿ ಹೊರತೆಗೆಯಬೇಡಿ.

ಮೈಸೂರು_ಮಿನಿಯಾಪೊಲಿಸ್ · ಜನವರಿ 14, ಸಂಜೆ 6.10

ರೇಡಿಯೇಟರಿನ ಕೆಳಗಿನಿಂದ ಸ್ವಲ್ಪ ತೆಗೆದು ಅಳೆದೆ. ಮೈನಸ್ 18ರವರೆಗೆ ಮಾತ್ರ ರಕ್ಷಣೆ. ಇಲ್ಲಿ ಎರಡು ರಾತ್ರಿ ಮೈನಸ್ 26 ಆಗಿತ್ತು. ಬಾಡಿಗೆ ಗ್ಯಾರೇಜಿನೊಳಗೆ ನಿಲ್ಲಿಸಿದ್ದರಿಂದ ಬಚಾವಾಗಿದ್ದೇನೆ ಎಂದು ಕಾಣುತ್ತದೆ. ಇದನ್ನು ಹೆಂಡತಿಗೆ ಹೇಳಿಲ್ಲ.

ಅವಸರದ_ಅಡುಗೆ · ಜನವರಿ 14, ಸಂಜೆ 6.22

ಹಾಗಾದರೆ ನೀರನ್ನೇ ಬೆರೆಸದೆ ಅಪ್ಪಟ ಆಂಟಿಫ್ರೀಜ್ ತುಂಬಿಸಿಬಿಡಿ. ಹೆಪ್ಪುಗಟ್ಟುವ ಮಾತೇ ಇರುವುದಿಲ್ಲ.

ತೀರ್ಥಹಳ್ಳಿ_ಟೊರೊಂಟೊ · ಜನವರಿ 14, ರಾತ್ರಿ 7.00

ಎಲ್ಲರೂ ಎಡವುವುದು ಇಲ್ಲಿಯೇ. ಆಂಟಿಫ್ರೀಜ್‌ನಲ್ಲಿ ಮುಖ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅಪ್ಪಟವಾಗಿದ್ದರೆ ಅದು ಸುಮಾರು ಮೈನಸ್ 13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ! ನೀರಿನೊಂದಿಗೆ ಬೆರೆತಾಗಲೇ ಅದರ ಮಹಿಮೆ. ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ. 60–70 ಭಾಗ ಗ್ಲೈಕಾಲ್ ಆದರೆ ಇನ್ನೂ ಕೆಳಕ್ಕೆ. ಅದನ್ನು ದಾಟಿದರೆ ರಕ್ಷಣೆ ಮತ್ತೆ ಕಡಿಮೆಯಾಗುತ್ತಾ ಬರುತ್ತದೆ, ಶಾಖ ಹೊರುವ ಶಕ್ತಿಯೂ ಕುಗ್ಗುತ್ತದೆ.

ನಿಮ್ಮದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಮೈನಸ್ 51 ದಾಖಲಾಗಿತ್ತು. ಅಂಥ ಕಡೆ ಇರುವವರು ಮಿಶ್ರಣವನ್ನು ಗಟ್ಟಿಯಾಗಿಸಿಕೊಳ್ಳಲಿ, ಮಿನಿಯಾಪೊಲಿಸ್‌ಗೆ ಅರ್ಧಕ್ಕರ್ಧ ಸಾಕು. ಹಳೆಯದನ್ನು ಪೂರ್ತಿ ಇಳಿಸಿ, ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ತನ್ನಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಹೊಂದದ ಎರಡು ಬಗೆ ಬೆರೆತರೆ ಲೋಳೆಯಂತಾಗಿ, ಆಗ ನಿಜವಾಗಿಯೂ ಹೀಟರ್ ಕೋರ್ ಕಟ್ಟಿಕೊಳ್ಳಬಹುದು.

ಇಳಿಸಿದ ಹಳೆಯ ಕೂಲೆಂಟನ್ನು ಬಯಲಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮನೆಯಲ್ಲಿ ಮಗುವಿದೆ ಎಂದಿರಿ, ಇನ್ನೂ ಎಚ್ಚರ.

ಮಡಿಕೇರಿ_ಮಳೆ · ಜನವರಿ 15, ಬೆಳಗ್ಗೆ 10.30

ಹಿಮದವರ ನಡುವೆ ಮಂಜಿನವನ ಸಣ್ಣ ಪ್ರಶ್ನೆ, ಕ್ಷಮಿಸಿ. ನನ್ನ ಹ್ಯಾಚ್‌ಬ್ಯಾಕ್ ಕಾರನ್ನು ಬಳ್ಳಾರಿಯವರೊಬ್ಬರಿಂದ ಕೊಂಡೆ. ಇಲ್ಲಿ ಮಳೆಗಾಲದಲ್ಲಿ ಮುಂದಿನ ಗಾಜಿಗೆ ಹಬೆ ಕೂರುತ್ತದೆ. ಎಸಿಯ ಜೊತೆ ಹೀಟರ್ ಹಾಕಿದರೆ ತೊಲಗುತ್ತದೆ ಎನ್ನುತ್ತಾರೆ, ಆದರೆ ನನ್ನ ಹೀಟರ್ ಬೆಚ್ಚಗಾಗುವುದೇ ಇಲ್ಲ. ಕೂಲೆಂಟ್ ತುಂಬಿದೆ, ಮುಚ್ಚಳ ತೆರೆದೇ ನೋಡಿದ್ದೇನೆ. ಸಂಪಾಜೆ ಘಾಟಿ ಇಳಿಯುವಾಗ ಟೆಂಪರೇಚರ್ ಮುಳ್ಳು ತಳಕ್ಕೇ ಬಂದು ಕೂರುತ್ತದೆ. ಸುಳ್ಯ ದಾಟಿದ ಮೇಲೂ ಅರ್ಧಕ್ಕೆ ಏರುವುದಿಲ್ಲ.

ಗ್ಯಾರೇಜ್_ಕಾಕಾ · ಜನವರಿ 15, ಬೆಳಗ್ಗೆ 11.15

ಬಳ್ಳಾರಿ ಎಂದಾಗಲೇ ಅರ್ಥವಾಯಿತು. ನಿಮ್ಮ ಗಾಡಿಯಲ್ಲಿ ಥರ್ಮೋಸ್ಟಾಟ್ ಇಲ್ಲ! 'ಈ ಬಿಸಿಲಿನ ಊರಿಗೆ ಇದು ಯಾಕೆ ಬೇಕು' ಎಂದು ಕಿತ್ತು ಬಿಸಾಡುವುದು ನಮ್ಮ ಕಡೆಯ ಮಿಸ್ತ್ರಿಗಳ ಹಳೆಯ ಚಾಳಿ. ಥರ್ಮೋಸ್ಟಾಟ್ ಇರುವುದೇ ಎಂಜಿನ್ 80–90 ಡಿಗ್ರಿಗೆ ಬರುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡಲು. ಅದಿಲ್ಲದಿದ್ದರೆ ಕೂಲೆಂಟ್ ಸದಾ ರೇಡಿಯೇಟರ್ ಸುತ್ತುತ್ತಲೇ ಇರುತ್ತದೆ. ಘಾಟಿ ಇಳಿಯುವಾಗ ಎಂಜಿನಿಗೆ ಕೆಲಸವಿಲ್ಲ, ಗಾಳಿ ಜೋರು, ಒಲೆ ಆರಿದಂತೆಯೇ. ಹೀಟರ್ ಬಾರದಿರುವುದು ಸಣ್ಣ ನಷ್ಟ. ಎಂಜಿನ್ ಸದಾ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ.

ಮೇಲಿನ ದಪ್ಪ ಹೋಸ್ ಎಂಜಿನಿಗೆ ಸೇರುವ ಕಡೆ ಬಿಚ್ಚಿಸಿ ನೋಡಿ. ಕೆಲವು ಗಾಡಿಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ. ಒಳಗೆ ಬರಿಯ ಬಿಲವಷ್ಟೇ ಕಂಡರೆ ನಾನು ಗೆದ್ದೆ.

ಮೈಸೂರು_ಮಿನಿಯಾಪೊಲಿಸ್ · ಜನವರಿ 17, ಸಂಜೆ 5.30

ಇವತ್ತು ಶನಿವಾರ, ಹೊರಗೆ ಬರಿಯ ಮೈನಸ್ 7. ಇಲ್ಲಿನವರಿಗೆ ವಸಂತಕಾಲ. ಹಳೆಯದನ್ನು ಇಳಿಸಿ ಹೊಸ ಕೂಲೆಂಟ್ ತುಂಬಿಸಿದೆ. ಗಾಳಿ ತೆಗೆಯಲು ತೀರ್ಥಹಳ್ಳಿ ಮೇಡಂ ಖಾಸಗಿಯಾಗಿ ಬರೆದು ತಿಳಿಸಿದ ಕ್ರಮವನ್ನು ಉಳಿದವರಿಗಾಗಿ ಇಲ್ಲಿ ಹಾಕುತ್ತೇನೆ.

ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನ ಮೇಲೆ ನಿಲ್ಲಿಸಿದೆ. ರೇಡಿಯೇಟರಿನ ಬಾಯಿಗೆ ಬಿಗಿಯಾಗಿ ಕೂರುವ ಎತ್ತರದ ಆಲಿಕೆ ಸಿಗುತ್ತದೆ, ಅದನ್ನು ಕೂರಿಸಿ ಅರ್ಧ ಆಲಿಕೆಯಷ್ಟು ಕೂಲೆಂಟ್ ನಿಲ್ಲಿಸಿದೆ. ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ನಿಧಾನಕ್ಕೆ. ಎಂಜಿನ್ ಚಾಲೂ. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಥರ್ಮೋಸ್ಟಾಟ್ ತೆರೆದ ಕ್ಷಣ ಕೂಲೆಂಟ್ ಗಟಗಟನೆ ಇಳಿಯಿತು, ಆಮೇಲೆ ಗುಳ್ಳೆಗಳೋ ಗುಳ್ಳೆಗಳು. ದಪ್ಪ ಹೋಸನ್ನು ಆಗಾಗ ಹಿಂಡಿದೆ, ಹಿಂಡಿದಷ್ಟೂ ಗುಳ್ಳೆ. ಅರ್ಧ ಗಂಟೆಯ ನಂತರ ನಿಂತವು. ಒಟ್ಟು ಗಾಳಿಯ ಜಾಗ ಒಂದು ಲೀಟರಿಗಿಂತ ಹೆಚ್ಚೇ ಇತ್ತು.

ನಿಂತಲ್ಲಿಯೇ ಬಿಸಿಗಾಳಿ ಬಂತು! ಹೆಂಡತಿಗೆ ಈಗ ಎಲ್ಲವನ್ನೂ ಹೇಳಿದೆ.

ಒಂದು ಎಚ್ಚರಿಕೆ: ಇದನ್ನೆಲ್ಲ ಮನೆಯ ಹೊರಗೆ, ಬಯಲಿನಲ್ಲಿ ಮಾಡಿದೆ. ಚಳಿ ಎಂದು ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಇಡಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಗ್ಯಾರೇಜ್_ಕಾಕಾ · ಜನವರಿ 18, ಬೆಳಗ್ಗೆ 9.00

ಒಳ್ಳೆಯ ಕೆಲಸ. ಆದರೆ ಸಂಭ್ರಮ ಬೇಡ. ಒಂದು ಲೀಟರ್ ಕೂಲೆಂಟ್ ಎಲ್ಲಿಗೆ ಹೋಯಿತು? ಗಾಡಿ ಕೂಲೆಂಟ್ ಕುಡಿಯುವುದಿಲ್ಲ. ಪ್ರತಿದಿನ ಬೆಳಗ್ಗೆ ಮುಚ್ಚಳ ತೆರೆದು ಮಟ್ಟ ನೋಡಿ ಬರೆದಿಡಿ.

ಮೈಸೂರು_ಮಿನಿಯಾಪೊಲಿಸ್ · ಜನವರಿ 22, ರಾತ್ರಿ 9.40

ಕಾಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕುವುದೋ ಬೇಡವೋ ತಿಳಿಯುತ್ತಿಲ್ಲ. ನಾಲ್ಕು ದಿನಕ್ಕೆ ಎರಡು ಬೆರಳಿನಷ್ಟು ಇಳಿದಿದೆ. ಇವತ್ತು ಸಂಜೆ ಸಿಗ್ನಲ್‌ನಲ್ಲಿ ಮತ್ತೆ ತಣ್ಣಗಾಯಿತು. ಕಾರಿನ ಕೆಳಗೆ ರಟ್ಟು ಹಾಸಿದ್ದೆ, ಒಂದು ಹನಿಯೂ ಬಿದ್ದಿಲ್ಲ. ಪ್ರಯಾಣಿಕರ ಕಡೆಯ ಕಾರ್ಪೆಟ್ ಒಣಗಿದೆ, ಒಳಗೆ ಸಿಹಿ ವಾಸನೆಯೂ ಇಲ್ಲ, ಹಾಗಾಗಿ ಹೀಟರ್ ಕೋರ್ ಸೋರುತ್ತಿಲ್ಲ ಎಂದುಕೊಂಡಿದ್ದೇನೆ.

ಆದರೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆಯಂತಹ ಬಿಳಿ ಲೇಪ! ಎಂಜಿನಿನೊಳಗೆ ಕೂಲೆಂಟ್, ಆಯಿಲ್ ಒಂದಕ್ಕೊಂದು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋದರೆ ಹೀಗಾಗುತ್ತದೆ ಎಂದು ಓದಿದೆ. ರಾತ್ರಿ ನಿದ್ದೆ ಬರುವ ಹಾಗಿಲ್ಲ.

ಅವಸರದ_ಅಡುಗೆ · ಜನವರಿ 22, ರಾತ್ರಿ 9.52

ಸೋರಿಕೆ ನಿಲ್ಲಿಸುವ ಪುಡಿ ಬರುತ್ತದೆ. ರೇಡಿಯೇಟರಿಗೆ ಒಂದು ಡಬ್ಬಿ ಸುರಿಯಿರಿ, ಎಲ್ಲಿ ಸೋರುತ್ತಿದ್ದರೂ ಮುಚ್ಚುತ್ತದೆ. ಹತ್ತು ಡಾಲರ್.

ಗ್ಯಾರೇಜ್_ಕಾಕಾ · ಜನವರಿ 23, ಬೆಳಗ್ಗೆ 10.30

ಬೇಡ. ಆ ಪುಡಿಗೆ ಸೋರುವ ತೂತು ಯಾವುದು, ಹೀಟರ್ ಕೋರಿನ ನಳಿಗೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ಕೋರಿನ ನಳಿಗೆಗಳು ಕಿರಿದು, ಮೊದಲು ಕಟ್ಟಿಕೊಳ್ಳುವುದು ಅವೇ. ಆಮೇಲೆ ಆ 1,400 ಡಾಲರಿನ ಗ್ಯಾರೇಜಿನವರ ಮಾತು ನಿಜವಾಗುತ್ತದೆ. ನಿರ್ಜನ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಮನೆ ಸೇರಬೇಕಾದವರು ಬೇಕಾದರೆ ಹಾಕಲಿ.

ತೀರ್ಥಹಳ್ಳಿ_ಟೊರೊಂಟೊ · ಜನವರಿ 23, ಬೆಳಗ್ಗೆ 8.10

ನಿದ್ದೆ ಮಾಡಿ. ಡೇಕೇರ್ ಎಷ್ಟು ದೂರ? ಹತ್ತು ನಿಮಿಷವೇ? ಚಳಿಯಲ್ಲಿ ಚಿಕ್ಕ ಚಿಕ್ಕ ಓಡಾಟ ಮಾಡುವ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದಿಲ್ಲ. ಒಳಗಿನ ತೇವ ಮುಚ್ಚಳದ ತಣ್ಣನೆಯ ಭಾಗದಲ್ಲಿ ಹನಿಗಟ್ಟಿ ಆಯಿಲ್ ಜೊತೆ ಬೆರೆತು ಹೀಗೆ ಮಜ್ಜಿಗೆಯಾಗುತ್ತದೆ. ಕೆನಡಾದಲ್ಲಿ ಪ್ರತಿ ಜನವರಿಯಲ್ಲೂ ಇದನ್ನು ನೋಡಿ ಯಾರಾದರೊಬ್ಬರು ಹೆದರುತ್ತಾರೆ. ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು ನೋಡಿ. ಅದರಲ್ಲೂ ಮಜ್ಜಿಗೆ ಇದ್ದರೆ ಚಿಂತೆ, ಶುದ್ಧ ಆಯಿಲ್ ಇದ್ದರೆ ಸದ್ಯಕ್ಕೆ ಇಲ್ಲ.

ಅನುಮಾನ ಪೂರ್ತಿ ಹೋಗಬೇಕೆಂದರೆ ಬ್ಲಾಕ್ ಟೆಸ್ಟ್ ಮಾಡಿ. ರೇಡಿಯೇಟರಿನ ಬಾಯಲ್ಲಿರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಸಾಧನ ಅದು. ಗ್ಯಾಸ್ಕೆಟ್ ಹೋಗಿ ಸುಟ್ಟ ಅನಿಲ ಕೂಲೆಂಟಿಗೆ ನುಗ್ಗುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಅದರ ಜೊತೆಗೆ, ಒತ್ತಡ ಹಾಕಿ ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟರ್ ಕೂಡ ತನ್ನಿ. ಅಮೆರಿಕದ ಆಟೋ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಇವನ್ನು ಎರವಲು ಕೊಡುತ್ತಾರೆ, ವಾಪಸ್ ಮಾಡಿದಾಗ ಹಣ ಹಿಂದಿರುಗಿಸುತ್ತಾರೆ. ನಮ್ಮೂರಿನ ಮಿಸ್ತ್ರಿಗಳು ಕೇಳಿದರೆ ನಂಬುವುದಿಲ್ಲ.

ಗ್ಯಾರೇಜ್_ಕಾಕಾ · ಜನವರಿ 23, ಬೆಳಗ್ಗೆ 8.20 (ಅಲ್ಲಿನ ಸಮಯ ಹಾಕಿದ್ದೇನೆ, ಲೆಕ್ಕ ತಪ್ಪಿದ್ದರೆ ಬೈಯಬೇಡಿ)

ನಾನೇ ನಂಬುತ್ತಿಲ್ಲ. ನನ್ನ ಹತ್ತು ನಂಬರ್ ಸ್ಪ್ಯಾನರ್ ಎರವಲು ಹೋಗಿ ಎಂಟು ವರ್ಷವಾಯಿತು.

ಮೈಸೂರು_ಮಿನಿಯಾಪೊಲಿಸ್ · ಜನವರಿ 24, ಸಂಜೆ 4.50

ಕಡ್ಡಿಯಲ್ಲಿ ಆಯಿಲ್ ಶುದ್ಧ. ನೀಲಿ ನೀಲಿಯಾಗಿಯೇ ಉಳಿಯಿತು, ಹತ್ತು ನಿಮಿಷ ಪಂಪು ಒತ್ತಿದೆ.

ಆಮೇಲೆ ಪ್ರೆಶರ್ ಟೆಸ್ಟರ್. ತಣ್ಣನೆಯ ಎಂಜಿನಿಗೆ ಮುಚ್ಚಳದ ಜಾಗದಲ್ಲಿ ಕೂರಿಸಿ, ಸೈಕಲ್ ಪಂಪಿನಂತೆ ಒತ್ತಿ 15 ಪಿಎಸ್‌ಐಗೆ ತಂದೆ. ನನ್ನ ಮುಚ್ಚಳದ ಮೇಲೆ ಬರೆದಿರುವುದೂ ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಏರಿಸಬಾರದಂತೆ. ಕಾಫಿ ಕುಡಿದು ಬಂದೆ, ಮುಳ್ಳು 11ಕ್ಕೆ ಇಳಿದಿತ್ತು. ಹೆಡ್‌ಲ್ಯಾಂಪಿನ ಹಿಂದಿನಿಂದ ಟಾರ್ಚ್ ಹಾಕಿ ಮೊಬೈಲ್ ಕ್ಯಾಮೆರಾವನ್ನು ಬೆಲ್ಟಿನ ಪಕ್ಕ ಇಳಿಸಿ ನೋಡಿದೆ. ವಾಟರ್ ಪಂಪಿನ ಕೆಳಗೆ ಒಂದು ಪುಟ್ಟ ತೂತು, ಅದರಿಂದ ಹನಿ. ಸುತ್ತಲೂ ಒಣಗಿದ ಗುಲಾಬಿ ಬಣ್ಣದ ಹಕ್ಕಳೆ, ಗಾಯದ ಮೇಲಿನ ಹೊಪ್ಪಳೆಯ ಹಾಗೆ.

ಗ್ಯಾರೇಜ್_ಕಾಕಾ · ಜನವರಿ 25, ಬೆಳಗ್ಗೆ 7.15

ಸಿಕ್ಕಿತು ಕಳ್ಳ! ಆ ತೂತನ್ನು ಕಂಪನಿಯವರು ಬೇಕೆಂದೇ ಇಟ್ಟಿರುತ್ತಾರೆ. ಪಂಪಿನ ಒಳಗಿನ ಸೀಲು ಸವೆದರೆ ಕೂಲೆಂಟ್ ಬೇರಿಂಗಿಗೆ ಹೋಗದೆ ಹೊರಗೆ ಬರಲಿ, ಯಜಮಾನನಿಗೆ ಗೊತ್ತಾಗಲಿ ಎಂದು. ಆದರೆ ಒತ್ತಡವಿದ್ದಾಗ ಮಾತ್ರ ಸೋರುತ್ತದೆ, ಅಂದರೆ ಎಂಜಿನ್ ಬಿಸಿಯಿದ್ದಾಗ. ಹೊರಬಂದ ಹನಿ ಅಲ್ಲಿಯೇ ಆರಿಹೋಗುತ್ತದೆ. ಅದಕ್ಕೇ ನಿಮ್ಮ ರಟ್ಟು ಒಣಗಿತ್ತು. ತಣಿಯುವಾಗ ಅದೇ ಸವೆದ ಸೀಲಿನಿಂದ ಗಾಳಿ ಒಳಗೆ ಬರುತ್ತದೆ, ಡಬ್ಬಿಯ ಕೂಲೆಂಟ್ ಡಬ್ಬಿಯಲ್ಲೇ ಉಳಿಯುತ್ತದೆ.

ಪಂಪ್ ಬದಲಿಸಿ. ಹೇಗೂ ಕೂಲೆಂಟ್ ಇಳಿಸುತ್ತೀರಿ, ಥರ್ಮೋಸ್ಟಾಟ್ ಕೂಡ ಹೊಸದು ಹಾಕಿಸಿ, ಅವಸರದವರಿಗೂ ಸಮಾಧಾನವಾಗಲಿ. ಈ ಕೆಲಸವನ್ನು ನೀವು ಮಾಡಬೇಡಿ. ಬೆಲ್ಟಿನ ಕಡೆಯ ಕೆಲಸ, ಚಳಿಯಲ್ಲಿ ಬೆರಳು ಮರಗಟ್ಟಿರುತ್ತವೆ.

ಮೈಸೂರು_ಮಿನಿಯಾಪೊಲಿಸ್ · ಜನವರಿ 29, ರಾತ್ರಿ 8.30

ಸೇಂಟ್ ಪಾಲ್‌ನಲ್ಲಿ ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ಸಮುದಾಯದ ಅಣ್ಣತಮ್ಮಂದಿರು ನಡೆಸುವ ಪುಟ್ಟ ಗ್ಯಾರೇಜಿನಲ್ಲಿ ಮಾಡಿಸಿದೆ. ಪಂಪ್, ಥರ್ಮೋಸ್ಟಾಟ್, ಬೆಲ್ಟ್, ಕೂಲೆಂಟ್, ಕೂಲಿ ಎಲ್ಲ ಸೇರಿ 540 ಡಾಲರ್. ನಾನು ತೆಗೆದ ಫೋಟೋ ತೋರಿಸಿದಾಗ ಅಣ್ಣನಾದವನು ನಕ್ಕು, ಹಳೆಯ ಪಂಪನ್ನು ನನ್ನ ಕೈಗೇ ಕೊಟ್ಟ. ಹಿಡಿದು ಅಲ್ಲಾಡಿಸಿದರೆ ಅದರ ತಿರುಗುವ ಭಾಗ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು.

ಇವತ್ತು ಬೆಳಗ್ಗೆ ಹೊರಗೆ ಮೈನಸ್ 19. ಹದಿನೈದು ನಿಮಿಷ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಬರುವ ಕಿಂಡಿಗೆ ಅಡುಗೆಮನೆಯ ಥರ್ಮಾಮೀಟರ್ ಇಟ್ಟೆ: 56 ಡಿಗ್ರಿ. ಮಗಳು ಹಿಂದಿನ ಸೀಟಿನಲ್ಲಿ ಟೋಪಿ ಕಿತ್ತೆಸೆದಳು. ಕಾಕಾ, ಮೇಡಂ, ಇಬ್ಬರಿಗೂ ಋಣಿ. ಐದು ದಿನದಿಂದ ಮಟ್ಟ ನೋಡುತ್ತಿದ್ದೇನೆ ಎಂದು ಬರೆಯಬೇಕೆಂದಿದ್ದೆ, ಆದರೆ ಪಂಪ್ ಹಾಕಿಸಿ ಎರಡೇ ದಿನವಾಗಿದೆ. ಎರಡು ದಿನಕ್ಕೆ ಕೂದಲೆಳೆಯಷ್ಟೂ ಇಳಿದಿಲ್ಲ.

ಮಡಿಕೇರಿ_ಮಳೆ · ಜನವರಿ 31, ಸಂಜೆ 6.00

ಕಾಕಾ ಗೆದ್ದರು. ಬಿಚ್ಚಿಸಿದೆ, ಬರಿಯ ಬಿಲ. ಬಳ್ಳಾರಿಯ ಹಳೆಯ ಯಜಮಾನರಿಗೆ ಫೋನ್ ಮಾಡಿದೆ. 'ಬಿಸಾಡಿಲ್ಲ, ಸ್ಟೆಪ್ನಿ ಕೆಳಗೆ ಪೇಪರ್ ಸುತ್ತಿ ಇಟ್ಟಿದ್ದೇವೆ' ಎಂದರು. ಹುಡುಕಿದರೆ ನಿಜವಾಗಿಯೂ ಅಲ್ಲೇ ಇತ್ತು! ಹೊಸದಕ್ಕೆ ಮೈಸೂರಿಗೆ ಹೇಳಿ ತರಿಸಬೇಕು. ಇದನ್ನೇ ಹಾಕಿಸಬಹುದೇ?

ಗ್ಯಾರೇಜ್_ಕಾಕಾ · ಜನವರಿ 31, ರಾತ್ರಿ 8.10

ಪರೀಕ್ಷೆ ಮಾಡದೆ ಬೇಡ. ಹಳೆಯ ಪಾತ್ರೆಯಲ್ಲಿ ನೀರಿಡಿ, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ತೂಗಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಲು ಶುರು ಮಾಡಬೇಕು, ನೀರು ಆರಿದಾಗ ಮುಚ್ಚಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಮಡಿಕೇರಿ_ಮಳೆ · ಫೆಬ್ರುವರಿ 1, ಬೆಳಗ್ಗೆ 11.20

82 ಎಂದು ಕೆತ್ತಿದೆ. 82 ದಾಟಿತು, 90 ದಾಟಿತು, ಬಾಯಿ ಬಿಡಲಿಲ್ಲ. ನಮ್ಮ ಊರು 1,150 ಮೀಟರ್ ಎತ್ತರದಲ್ಲಿದೆ, 96ಕ್ಕೇ ನೀರು ಕೊತಕೊತ ಕುದಿಯಿತು. ಹತ್ತು ನಿಮಿಷ ಕುದಿಸಿದೆ. ತೆರೆಯಲೇ ಇಲ್ಲ.

ಗ್ಯಾರೇಜ್_ಕಾಕಾ · ಫೆಬ್ರುವರಿ 1, ಮಧ್ಯಾಹ್ನ 12.05

ಹಾಗಾದರೆ ಆ ಬಳ್ಳಾರಿ ಮಿಸ್ತ್ರಿಗೆ ನಾನು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್ ಇದು. ಬೇಸಿಗೆಯಲ್ಲಿ ಗಾಡಿ ಉಕ್ಕಿರುತ್ತದೆ, ಅವನು ಕಿತ್ತಿದ್ದಾನೆ. ಕಿತ್ತದ್ದು ಸರಿ. ಹೊಸದು ಹಾಕದೆ ಬಿಟ್ಟದ್ದು ತಪ್ಪು, ಅದಕ್ಕೆ ಅರ್ಧ ಬೈಗುಳ ಮಾತ್ರ.

ಮೈಸೂರಿಗೆ ಫೋನ್ ಮಾಡಿ 82ರದ್ದನ್ನೇ ತರಿಸಿ. ಗ್ಯಾಸ್ಕೆಟ್ ಜೊತೆಗೆ ಕೇಳಿ, ಇಲ್ಲದಿದ್ದರೆ ಮತ್ತೊಂದು ವಾರ ಕಾಯಿಸುತ್ತಾರೆ.

ಮಡಿಕೇರಿ_ಮಳೆ · ಫೆಬ್ರುವರಿ 1, ಮಧ್ಯಾಹ್ನ 12.30

ಸರಿ ಕಾಕಾ. ಅದು ಹಳೆಯ ಪಾತ್ರೆಯಲ್ಲವಂತೆ, ಅಮ್ಮ ಈಗಷ್ಟೇ ಬಂದು ನೋಡಿದರು. ಮೈಸೂರಿನಿಂದ ಇನ್ನೊಂದು ಪಾತ್ರೆಯನ್ನೂ ತರಿಸಬೇಕಾಗಿದೆ.